ಟ್ರಾನ್ಸ್‌ಪೋರ್ಟರ್ ಟಿ6 ಫೋರ್‌ಮೋಷನ್: ಇಕ್ಕಟ್ಟಿನ ತಿರುವಿನಲ್ಲಿ ಹೇಗೆ?

ಬವೇರಿಯಾದ ಹಳ್ಳಿಯಲ್ಲಿರುವ ನಮ್ಮ ಮನೆಯ ಮುಂದಿನ ಏರನ್ನು ಹಿಮದ ದಿನಗಳಲ್ಲೂ ಹತ್ತಬೇಕಾದ್ದರಿಂದ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಟಿ6 ವ್ಯಾನಿನ ಫೋರ್‌ಮೋಷನ್ ಎಂಬ ಫೋರ್ ವೀಲ್ ಡ್ರೈವ್ ಮಾದರಿಯನ್ನು ಕೊಂಡೆವು. ಕೊಳ್ಳುವ ಮೊದಲು ನನ್ನನ್ನು ಕಾಡಿದ್ದು, ಇದು ಇಕ್ಕಟ್ಟಿನ ಜಾಗದಲ್ಲಿ ತಿರುಗೀತೇ ಎಂಬ ಅನುಮಾನ. ಮಲೆನಾಡಿನ ತೋಟದ ರಸ್ತೆಗಳಲ್ಲಿ ಹಳೆಯ ಜೀಪು ಓಡಿಸಿ ಕಲಿತವನು ನಾನು. ಅದರಲ್ಲಿ ಫೋರ್ ವೀಲ್ ಹಾಕಿ ಒಣ ನೆಲದ ಮೇಲೆ ಪೂರ್ತಿ ತಿರುಗಿಸಿದರೆ, ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾದ ಮುಂದಿನ ಚಕ್ರಗಳು ಹಿಂದಿನವುಗಳ ವೇಗಕ್ಕೇ ಕಟ್ಟುಬೀಳುವುದರಿಂದ ಗಾಡಿ ಹಿಡಿದುಕೊಂಡಂತಾಗುತ್ತದೆ.

ಈ ವ್ಯಾನಿನಲ್ಲಿ ಆ ತೊಂದರೆಯಿಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಅಗತ್ಯವಿದ್ದಷ್ಟೇ ಕೊಡುವ ಹಾಲ್ಡೆಕ್ಸ್ ಕ್ಲಚ್ ಇರುವುದರಿಂದ ನಿಧಾನದ ತಿರುವುಗಳಲ್ಲಿ ಬಿಗಿತ ಕಾಣುವುದಿಲ್ಲ. ತಿರುಗುವ ವೃತ್ತದ ವ್ಯಾಸವೂ ಟೂ ವೀಲ್ ಡ್ರೈವ್ ಮಾದರಿಯಷ್ಟೇ, ಅಂದರೆ 3 ಮೀಟರ್ ವೀಲ್‌ಬೇಸಿನ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದ) ಗಾಡಿಗೆ 11.9 ಮೀಟರ್. ಕಾರಣ ಸರಳವಾಗಿದೆ. ಮುಂದಿನ ಚಕ್ರ ಎಷ್ಟು ಹೊರಳಬಹುದೆಂಬುದಕ್ಕೆ ಚಕ್ರಕ್ಕೆ ಎಂಜಿನ್ನಿನ ಶಕ್ತಿಯನ್ನು ಒಯ್ಯುವ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟು, ಅಂದರೆ ಚಕ್ರ ಹೊರಳಿದಾಗಲೂ ಶಕ್ತಿ ದಾಟಿಸುವ ಕೀಲು, ಬಾಗುವ ಕೋನವೂ ಒಂದು ಮಿತಿ. ಟಿ6 ಮೂಲದಲ್ಲೇ ಮುಂದಿನ ಚಕ್ರಗಳಿಂದ ಓಡುವ ವ್ಯಾನಾದ್ದರಿಂದ ಆ ಮಿತಿ ಎರಡೂ ಮಾದರಿಗಳಲ್ಲಿ ಮೊದಲೇ ಸೇರಿಕೊಂಡಿದೆ. ಹಿಂದಿನ ಚಕ್ರಗಳಿಂದ ಓಡುವ ವ್ಯಾನಿಗೆ ಫೋರ್ ವೀಲ್ ಜೋಡಿಸಿದಾಗ ಮಾತ್ರ ಮುಂದಕ್ಕೆ ಹೊಸದಾಗಿ ಶಾಫ್ಟು ಬಂದು, ಸ್ಟಿಯರಿಂಗಿನ ಹೊರಳು ಕಡಿಮೆಯಾಗುವ ಸಂಭವವಿರುತ್ತದೆ. ನನ್ನ ಲೆಕ್ಕದಲ್ಲಿ, 11.9 ಮೀಟರ್ ವೃತ್ತಕ್ಕೆ ಹೊರಬದಿಯ ಚಕ್ರ ಸುಮಾರು 30 ಡಿಗ್ರಿ ಹೊರಳಬೇಕು. ಅದು 28ಕ್ಕೆ ಇಳಿದರೆ ವೃತ್ತ 12.8 ಮೀಟರಿಗೆ ಹಿಗ್ಗುತ್ತದೆ. ಎರಡೇ ಡಿಗ್ರಿಗೆ ಸುಮಾರು 90 ಸೆಂಟಿಮೀಟರ್!

ನಿಜವಾಗಿ ಯೋಚಿಸಬೇಕಾದದ್ದು ವೀಲ್‌ಬೇಸಿನ ಬಗ್ಗೆ. 3.4 ಮೀಟರಿನ ಉದ್ದದ ಮಾದರಿಗೆ 13.2 ಮೀಟರ್ ಬೇಕು, ಮತ್ತು ಹಳೆಯ ಪೇಟೆಗಳ ಪಾರ್ಕಿಂಗ್ ಕಟ್ಟಡಗಳಲ್ಲಿ ಆ ವ್ಯತ್ಯಾಸ ಚೆನ್ನಾಗಿಯೇ ಅರಿವಿಗೆ ಬರುತ್ತದೆ. ಮಕ್ಕಳ ಸೈಕಲ್ಲುಗಳಿಗೆ ಜಾಗ ಸಾಲದಿದ್ದರೂ ನಾವು ಗಿಡ್ಡ ಗಾಡಿಯನ್ನೇ ಆರಿಸಿಕೊಂಡೆವು, ಅದಕ್ಕಾಗಿ ನನಗೆ ಬೇಸರವಿಲ್ಲ. ಫೋರ್ ವೀಲ್ ಡ್ರೈವಿನ ಗಾಡಿಗೆ ತೂಕವೂ ಬೆಲೆಯೂ ಹೆಚ್ಚೆಂಬುದು ನಿಜವಾದರೂ ಹಿಮದ ಏರಿನಲ್ಲಿ ಚಕ್ರ ಜಾರದೆ ನಿಂತಾಗ ಆ ಹಣ ದಂಡವೆನಿಸುವುದಿಲ್ಲ.

ಹಳೆಯ ಗಾಡಿ ಕೊಳ್ಳುವವರು ಎರಡು ಸಂಗತಿಗಳನ್ನು ತಪ್ಪದೆ ನೋಡಬೇಕು. ಹಿಂದಿನ ಮಾಲೀಕರು ದಪ್ಪ ಟೈರು ಹಾಕಿಸಿದ್ದರೆ, ಪೂರ್ತಿ ತಿರುಗಿಸಿದಾಗ ಅದು ಒಳಗೆಲ್ಲಾದರೂ ಉಜ್ಜುತ್ತಿದೆಯೇ ಎಂದು ಪರೀಕ್ಷಿಸಿ. ಆಮೇಲೆ ಸ್ಟಿಯರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಮುಂಬದಿಯಿಂದ ಟಕ್ ಟಕ್ ಎಂಬ ಸದ್ದು ಬಂದರೆ ಸಿವಿ ಜಾಯಿಂಟು ಸವೆದಿರುವ ಸಾಧ್ಯತೆ ಹೆಚ್ಚು.