ಅದಿರಿನ ಗಾಡಿ, ಭತ್ತದ ಲೋಡು: ಬಳ್ಳಾರಿಯ ಒಂದು ಡೀಸೆಲ್ ಪಂಪ್ ಅಂಗಡಿ ಬಗ್ಗೆ

ಹಳೇ ಲಾರಿಗೆ ಪಂಪ್ (ಇಂಜಿನ್ನಿಗೆ ಅಳತೆ ಪ್ರಕಾರ ಡೀಸೆಲ್ ಒತ್ತಿ ಕಳಿಸುವ ಭಾಗ) ಕೆಲಸ ಮಾಡಿಸಬೇಕು ಅಂತ ನಮ್ಮ ಸಿರುಗುಪ್ಪ ಕಡೆ ಯಾರನ್ನೇ ಕೇಳಿ, ಎರಡು ಥರದ ಅಂಗಡಿ ಹೇಳುತ್ತಾರೆ. ಒಂದು, "ಪಿಕಪ್ ಬೇಕಾ, ಮೈಲೇಜ್ ಬೇಕಾ" ಅಂತ ಕೇಳಿ ನಿಂತಲ್ಲೇ ಸ್ಕ್ರೂ ತಿರುಗಿಸಿ ಕೊಡುವವರದು. ಇನ್ನೊಂದು, ಪಂಪ್ ಬಿಚ್ಚಿ ಬೆಂಚಿಗೆ (ಪಂಪ್ ತಿರುಗಿಸಿ ಅಳೆಯುವ ಮೆಷಿನ್) ಏರಿಸುವವರೆಗೂ ಸ್ಕ್ರೂ ಮುಟ್ಟದವರದು. ನಾನು ಬರೆಯುತ್ತಿರುವುದು ಎರಡನೇ ಥರದ್ದರ ಬಗ್ಗೆ. ಬಳ್ಳಾರಿಯಲ್ಲಿ ಹೊಸಪೇಟೆ ರಸ್ತೆಯಿಂದ ಒಳಗೆ ಹೋದರೆ ಸಿಗುತ್ತದೆ. ಬೋರ್ಡಿನಲ್ಲಿ "ಡೀಸೆಲ್ ಪಂಪ್, ನಾಜಲ್ ಕೆಲಸ" ಅನ್ನುವುದಷ್ಟೇ ಉಳಿದಿದೆ (ನಾಜಲ್ ಅಂದರೆ ಡೀಸೆಲನ್ನು ಸಿಲಿಂಡರಿಗೆ ಸಿಂಪಡಿಸುವ ಮೂತಿ). ಮೇಲಿದ್ದ ಹೆಸರನ್ನು ಬಿಸಿಲು ತಿಂದುಹಾಕಿದೆ. ಎಲ್ಲರೂ ಇಲ್ಲಿನ ಮಿಸ್ತ್ರಿಯ ಹೆಸರಲ್ಲಿ ಚಾಚಾ ಅಂಗಡಿ ಅನ್ನುತ್ತಾರೆ.

ನನ್ನದು ಟಾಟಾ 1613, 2006ರ ಮಾಡೆಲ್. ಇಂಜಿನ್ 697. 6 ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ). ಟಾಟಾದವರು ಬೆಂಜ್ ಕಂಪನಿ ಜೊತೆ 1954ರಲ್ಲಿ ಕೈಜೋಡಿಸಿದ್ದರಲ್ಲ, ಆ ವಂಶದ್ದೇ ಇದು. ಗಟ್ಟಿ ಇಂಜಿನ್. ಆದರೆ ನನ್ನ ಕೈಗೆ ಬರುವ ಹೊತ್ತಿಗೆ ಅದು ಸಂಡೂರು ಕಡೆ ಅದಿರು ಹೊತ್ತು ಸುಸ್ತಾಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿ ಕೆಲಸ ನಿಲ್ಲಿಸಿದ ಮೇಲೆ ಇಂಥ ಎಷ್ಟೋ ಗಾಡಿಗಳು ರಸ್ತೆ ಬದಿ ನಿಂತು, ಕೈ ಬದಲಾಗಿ, ಕೊನೆಗೆ ನಮ್ಮಂಥ ಭತ್ತ-ಅಕ್ಕಿ ಹೊಡೆಯುವವರ ಹತ್ತಿರ ಬಂದವು. ಅದಿರು ಕಾಲದಲ್ಲಿ ಟ್ರಿಪ್ ಲೆಕ್ಕವೇ ಲೆಕ್ಕ. ಎಷ್ಟು ತುಂಬಿದರೂ ಎಳೆಯಬೇಕು. ಅದಕ್ಕೆ ಪಂಪ್ ಹೆಚ್ಚಿಸುತ್ತಿದ್ದರು, ಅಂದರೆ ಡೀಸೆಲ್ ಜಾಸ್ತಿ ಬಿಡುತ್ತಿದ್ದರು. ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಅಂತ ಕಟ್ಟುವ ಪಂಪಿನ ಫುಲ್ ಲೋಡ್ ಸ್ಕ್ರೂಗೆ, ಯಾರೂ ತಿರುಗಿಸದಂತೆ ತಂತಿ ಕಟ್ಟಿ ಸೀಸದ ಸೀಲ್ ಒತ್ತಿರುತ್ತಾರೆ. ನನ್ನ ಗಾಡಿಯಲ್ಲಿ ಸೀಲೂ ಇರಲಿಲ್ಲ, ತಂತಿಯೂ ಇರಲಿಲ್ಲ. ಸ್ಕ್ರೂ ತಲೆ ಮಾತ್ರ ಸ್ಪ್ಯಾನರ್ ತಿಂದು ಉರುಟಾಗಿತ್ತು.

ರೋಗ ಹೀಗಿತ್ತು. ಎಕ್ಸಲೇಟರ್ ಒತ್ತಿದರೆ ಹಿಂದೆ ಬರುವ ಬೈಕಿನವನು ಕಾಣದಷ್ಟು ಕಪ್ಪು ಹೊಗೆ. ಅಷ್ಟು ಡೀಸೆಲ್ ಕುಡಿದೂ ಎಳೆತ ಇಲ್ಲ. ಐಡ್ಲಿಂಗಲ್ಲಿ ಗಡಗಡ ನಡುಕ. ಎಲ್ಲಕ್ಕಿಂತ ದೊಡ್ಡ ತಲೆನೋವು ಬೇಸಿಗೆಯದು. ಬೆಳಗ್ಗೆ ತಣ್ಣಗಿದ್ದಾಗ ಸೆಲ್ಫ್ (ಸ್ಟಾರ್ಟರ್) ಒಂದೇ ಸಲ ಹೊಡೆದರೆ ಎದ್ದೇಳುವ ಗಾಡಿ, ಮಧ್ಯಾಹ್ನ ಊಟಕ್ಕೆ ನಿಲ್ಲಿಸಿ ಬಂದರೆ ಏಳುವುದೇ ಇಲ್ಲ. ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಗೋಣಿಚೀಲ ಹಾಕಿ ತಣ್ಣೀರು ಸುರಿಯುತ್ತಾರೆ ನೋಡಿ, ಅದೇ ಕೇಸು. ನೀರು ಹಾಕಿದರೆ ಎದ್ದೇಳುತ್ತದೆ. ಯಾಕೆ ಅಂತ ನಮ್ಮೂರ ಗ್ಯಾರೇಜಲ್ಲಿ ಕೇಳಿದರೆ "ಹಳೇ ಗಾಡಿ ಹಂಗೇ" ಅನ್ನುವುದೊಂದೇ ಉತ್ತರ.

ಚಾಚಾ ಉತ್ತರ ಬೇರೆ ಇತ್ತು. ಪಂಪಿನ ಒಳಗೆ ಪ್ರತಿ ಸಿಲಿಂಡರಿಗೆ ಒಂದೊಂದು ಎಲಿಮೆಂಟ್ ಇರುತ್ತದೆ. ಒಂದು ಸಣ್ಣ ಪ್ಲಂಜರ್, ಅದು ಆಡುವ ಒಂದು ಬ್ಯಾರೆಲ್. ಎರಡರ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಭಾಗ. ಜೋಡಿಯಾಗಿಯೇ ತಯಾರಾಗುತ್ತವೆ, ಒಂದರ ಪ್ಲಂಜರ್ ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಅದು ಸವೆದರೆ ಒತ್ತಿದ ಡೀಸೆಲ್ ನಾಜಲ್‌ಗೆ ಹೋಗುವ ಬದಲು ಸಂದಿನಲ್ಲಿ ಹಿಂದಕ್ಕೆ ಜಾರುತ್ತದೆ. ಗಾಡಿ ಓಡುವಾಗ ವೇಗ ಇರುವುದರಿಂದ ಗೊತ್ತಾಗುವುದಿಲ್ಲ. ಸೆಲ್ಫ್ ಹೊಡೆಯುವಾಗ ಇಂಜಿನ್ ತಿರುಗುವುದೇ ನಿಧಾನ. ಬಿಸಿಯಾದ ಡೀಸೆಲ್ ಬೇರೆ ನೀರಿನಂತೆ ತೆಳುವಾಗಿರುತ್ತದೆ. ಪೂರ್ತಿ ಜಾರಿಹೋಗುತ್ತದೆ. ತಣ್ಣೀರು ಹಾಕಿದಾಗ ಡೀಸೆಲ್ ಸ್ವಲ್ಪ ಗಟ್ಟಿಯಾಗಿ ಪ್ರೆಶರ್ ಏಳುತ್ತದೆ, ಅಷ್ಟೇ. "ತಮ್ಮಾ, ನೀರು ಹಾಕಿ ಎಬ್ಬಿಸೋ ಗಾಡಿಗೆ ಸ್ಕ್ರೂ ಮುಟ್ಟಬ್ಯಾಡ. ಎಲಿಮೆಂಟ್ ನೋಡು" ಅಂದರು.

ಅಷ್ಟು ಹೇಳಿಯೂ ಪಂಪ್ ಬಿಚ್ಚಲಿಲ್ಲ. ಈ ಅಂಗಡಿಯಲ್ಲಿ ನನಗೆ ಹಿಡಿಸಿದ್ದೇ ಇದು. ಮೊದಲು ಏರ್ ಫಿಲ್ಟರ್ ತೆಗೆಸಿದರು. ನಮ್ಮ ಭಾಗದ ಕೆಂಪು ಧೂಳು ಗೊತ್ತಲ್ಲ, ಫಿಲ್ಟರಿನ ಮಡಿಕೆಗಳಲ್ಲಿ ಇಟ್ಟಿಗೆ ಪುಡಿ ತುಂಬಿದ ಹಾಗೆ ಕೂತಿತ್ತು. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಆಗಿರಬಹುದು, ಇಲ್ಲಾ ಗಾಳಿ ಕಮ್ಮಿ ಆಗಿರಬಹುದು. ಗಾಳಿ ಸರಿಮಾಡದೆ ಡೀಸೆಲ್ ಕಮ್ಮಿ ಮಾಡಿದರೆ ಗಾಡಿ ಸತ್ತಂತೆ ಓಡುತ್ತದೆ. ಹೊಸ ಏರ್ ಫಿಲ್ಟರ್, ಎರಡು ಡೀಸೆಲ್ ಫಿಲ್ಟರ್, ಟರ್ಬೋದಿಂದ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗುವ ಹೋಸಿನ ಒಂದು ಕ್ಲಾಂಪ್. ಇಷ್ಟಕ್ಕೇ ಹೊಗೆ ಅರ್ಧ ಇಳಿಯಿತು. ಇಲ್ಲಿಗೇ ಸಾಕು ಅನ್ನಿಸಿದರೆ ವಾಪಸ್ ಹೋಗು ಅಂದರು. ಕೆಲಸ ಕಳೆದುಕೊಳ್ಳುವ ಮಾತನ್ನು ತಾವೇ ಆಡುವ ಮಿಸ್ತ್ರಿ ಎಷ್ಟು ಜನ ಸಿಗುತ್ತಾರೆ ಹೇಳಿ?

ಆಮೇಲೆ ಐಡ್ಲಿಂಗಲ್ಲಿಟ್ಟು ನಾಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದರು. ನಟ್ಟು ಸಡಿಲಿಸಿದಾಗ ಇಂಜಿನ್ ಸದ್ದು ಕುಸಿದರೆ ಆ ಸಿಲಿಂಡರ್ ದುಡಿಯುತ್ತಿದೆ ಅಂತ. ಏನೂ ಬದಲಾಗದಿದ್ದರೆ ಅದು ಸುಮ್ನೆ ಕೂತಿದೆ ಅಂತ. ನನ್ನದರಲ್ಲಿ ಮೂರನೆಯದು, ಐದನೆಯದು ಹೆಚ್ಚುಕಮ್ಮಿ ಸುಮ್ನೆ ಕೂತಿದ್ದವು. ಇದನ್ನು ನೀವೂ ಮನೆ ಮುಂದೆ ಮಾಡಬಹುದು, ಆದರೆ ಹಳೇ ಪಂಪಿನ ಗಾಡಿಯಲ್ಲಿ ಮಾತ್ರ. ಕಾಮನ್ ರೈಲ್ (ಎಲ್ಲಾ ನಾಜಲ್‌ಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ವ್ಯವಸ್ಥೆ) ಇರುವ ಹೊಸ ಗಾಡಿಯಲ್ಲಿ ಅಪ್ಪಿತಪ್ಪಿಯೂ ಬೇಡ. ಅಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತದೆ, ಕೈ ಹೋಗುತ್ತದೆ. ಹಳೇ ನಾಜಲ್ಲೂ ಸಾಧು ಅಲ್ಲ. ಟೆಸ್ಟರಲ್ಲಿ ನಾಜಲ್ ಹೊಡೆಯುವಾಗ ಕೆಳಗೆ ಬೆರಳಿಟ್ಟರೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಅಂಗಡಿಯ ಹುಡುಗನೊಬ್ಬ ಕೈ ಹತ್ತಿರ ತಂದದ್ದಕ್ಕೆ ಚಾಚಾ ನನ್ನ ಮುಂದೆಯೇ ಬೈದರು.

ನಾಜಲ್ ಟೆಸ್ಟ್ ನೋಡಲು ಬಿಟ್ಟರು. ಕೈಯಲ್ಲಿ ಒತ್ತುವ ಪಂಪು, ಮೇಲೊಂದು ಗೇಜು. ನನ್ನ ಇಂಜಿನ್ನಿಗೆ ಸುಮಾರು 200 ಬಾರ್‌ಗೆ ನಾಜಲ್ ತೆರೆಯಬೇಕು. ಎರಡು ನಾಜಲ್ ಅದಕ್ಕಿಂತ ಬಹಳ ಮೊದಲೇ ತೆರೆಯುತ್ತಿದ್ದವು, ಒಳಗಿನ ಸ್ಪ್ರಿಂಗ್ ಸೋತಿದೆ. ಒಳ್ಳೇ ನಾಜಲ್ ನಿಧಾನ ಒತ್ತಿದರೆ ಕರ್ರ್ ಕರ್ರ್ ಅಂತ ಸದ್ದು ಮಾಡಿ ಮಂಜಿನಂತೆ ಹೊಡೆಯುತ್ತದೆ. ಕೆಟ್ಟದ್ದು ಸದ್ದಿಲ್ಲದೆ ಧಾರೆ ಬಿಡುತ್ತದೆ. ಇನ್ನೊಂದು ಪರೀಕ್ಷೆ ಇದೆ: ತೆರೆಯುವ ಪ್ರೆಶರಿಗಿಂತ ಸುಮಾರು 20 ಬಾರ್ ಕೆಳಗೆ ಹಿಡಿದು ಹತ್ತು ಸೆಕೆಂಡ್ ಕಾಯಬೇಕು. ತುದಿಯಲ್ಲಿ ಹನಿ ಕಟ್ಟಿ ಬೀಳಬಾರದು. ನನ್ನ ಐದನೆಯದು ಹನಿಯಲಿಲ್ಲ, ಸುರಿಯಿತು. ನಾಜಲ್ ವಾಪಸ್ ಕೂರಿಸುವಾಗ ಕೆಳಗಿನ ತಾಮ್ರದ ವಾಷರ್ ಹೊಸದೇ ಹಾಕಿದರು. ಹಳೇ ವಾಷರ್ ಉಜ್ಜಿ ಹಾಕುವ ಚಾಳಿ ನಮ್ಮ ಕಡೆ ಜಾಸ್ತಿ. ಉಳಿಯುವುದು ಪುಡಿಗಾಸು, ಸಂದಿನಲ್ಲಿ ಗ್ಯಾಸ್ ನುಗ್ಗಿ ಸುಡುವುದು ನಾಜಲ್.

ಇನ್ನು ಬೆಂಚು. ಅಂಗಡಿ ಮುಂದೆಲ್ಲಾ ಗ್ರೀಸು, ಹಳೇ ಪಂಪುಗಳ ರಾಶಿ. ಒಳಗೆ ಬಾಗಿಲು ಹಾಕಿದ ಒಂದು ಕೋಣೆ. ಚಪ್ಪಲಿ ಹೊರಗೆ ಬಿಡಬೇಕು. ಅಲ್ಲಿ ಪಂಪನ್ನು ಮೋಟಾರಿಗೆ ಕಟ್ಟಿ ತಿರುಗಿಸುತ್ತಾರೆ. ಇಂಜಿನ್ ಎರಡು ಸುತ್ತಿಗೆ ಪಂಪ್ ಒಂದು ಸುತ್ತು, ಹಾಗಾಗಿ ಬೆಂಚಿನ ವೇಗ ನೋಡಿ ಗಾಬರಿ ಬೇಡ. ಒಳಗೆ ಓಡುವುದು ಡೀಸೆಲ್ ಅಲ್ಲ, ಟೆಸ್ಟಿಂಗ್ ಆಯಿಲ್. ಅದನ್ನು 40 ಡಿಗ್ರಿ ಬಿಸಿಯಲ್ಲೇ ಇಡಬೇಕು. ಬಿಸಿ ಬದಲಾದರೆ ಅಳತೆಯೂ ಬದಲಾಗುತ್ತದೆ. ಮುಂದೆ ಆರು ಗಾಜಿನ ಕೊಳವೆ. ಇಷ್ಟು ಸ್ಟ್ರೋಕಿಗೆ ಯಾವ ಎಲಿಮೆಂಟ್ ಎಷ್ಟು ಸಿಸಿ ಕೊಟ್ಟಿತು ಅಂತ ಕಣ್ಣೆದುರೇ ಕಾಣುತ್ತದೆ. ನನ್ನ ಪಂಪಿನಲ್ಲಿ ನಾಲ್ಕು ಕೊಳವೆ ಕಂಪನಿ ಚಾರ್ಟಿನ ಅಳತೆಗಿಂತ ಕಾಲು ಭಾಗ ಮೇಲಿದ್ದವು. ಮೂರು ಮತ್ತು ಐದು ಕೆಳಗೇ ಉಳಿದಿದ್ದವು.

ಇಷ್ಟು ದಿನ ಏನಾಗಿತ್ತು ಅನ್ನುವುದು ಆ ಗಾಜಿನಲ್ಲಿ ಗೊತ್ತಾಯಿತು. ಹಿಂದಿನವರು ಎಳೆತ ಇಲ್ಲ ಅಂತ ಸ್ಕ್ರೂ ಹೆಚ್ಚಿಸಿದ್ದಾರೆ. ಆ ಸ್ಕ್ರೂ ಆರಕ್ಕೂ ಒಟ್ಟಿಗೆ ಹೆಚ್ಚಿಸುತ್ತದೆ. ಸವೆದ ಎರಡು ಹಾಗೇ ಉಳಿದವು, ಚೆನ್ನಾಗಿದ್ದ ನಾಲ್ಕಕ್ಕೆ ಡೀಸೆಲ್ ಉಕ್ಕಿ ಹೊಗೆಯಾಯಿತು. ಎಳೆತ ಮತ್ತೆ ಕಮ್ಮಿ ಅನ್ನಿಸಿದಾಗ ಮತ್ತೆ ಹೆಚ್ಚಿಸಿದರು. ಹೀಗೇ ಬಿಟ್ಟಿದ್ದರೆ ಪಿಸ್ಟನ್ ತಲೆ ಸುಡುತ್ತಿತ್ತು, ಟರ್ಬೋ ಹೋಗುತ್ತಿತ್ತು. ಸಮ ಮಾಡುವ ಜಾಗ ಆ ಸ್ಕ್ರೂ ಅಲ್ಲ. ಪ್ರತಿ ಎಲಿಮೆಂಟಿನ ತೋಳನ್ನು ಪಂಪಿನ ಒಳಗೆ ಒಂದೊಂದಾಗಿ ತಿರುಗಿಸಿ ಸಮ ಮಾಡಬೇಕು. ಬೆಂಚಿಲ್ಲದೆ ಅದು ಆಗದ ಕೆಲಸ. ಆರಕ್ಕೂ ಹೊಸ ಎಲಿಮೆಂಟ್, ಹೊಸ ಡಿಲಿವರಿ ವಾಲ್ವ್ (ಡೀಸೆಲ್ ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಹಾಕಿ, ಐಡ್ಲಿಂಗ್, ಫುಲ್ ಲೋಡ್, ಗವರ್ನರ್ (ವೇಗ ಮಿತಿ ಮೀರದಂತೆ ತಡೆಯುವ ಭಾಗ) ಡೀಸೆಲ್ ಕಟ್ ಮಾಡುವ ವೇಗ, ಎಲ್ಲಾ ಚಾರ್ಟ್ ಪ್ರಕಾರ ಕೂರಿಸಿದರು. ಇಂಜಿನ್ ಹೊಡೆಯುವ ಸಾಲು 1-5-3-6-2-4. ಒಂದರಿಂದ ಇನ್ನೊಂದಕ್ಕೆ ಪಂಪಿನಲ್ಲಿ ಸರಿಯಾಗಿ 60 ಡಿಗ್ರಿ ಇರಬೇಕು. ಅದನ್ನೂ ನೋಡಿದರು. ಆಮೇಲೆ ಹೊಸ ತಂತಿ, ಹೊಸ ಸೀಲ್.

ಚಾರ್ಟ್ ಹುಡುಕುವುದು ಪಂಪಿನ ತಗಡಿನ ನಂಬರ್ ನೋಡಿ. ನಮ್ಮವರು ಇನ್ನೂ ಮೈಕೋ ಪಂಪ್ ಅಂತಲೇ ಅನ್ನುತ್ತಾರೆ, ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿದೆ. ಪಿಇಎಸ್ 6ಎ 95 ಅಂತ ಇದ್ದರೆ, 6 ಅಂದರೆ ಸಿಲಿಂಡರ್, ಎ ಅಂದರೆ ಪಂಪಿನ ಸೈಜು, 95 ಅಂದರೆ 9.5 ಮಿ.ಮೀ. ಎಲಿಮೆಂಟ್. ಆ ತಗಡು ಕಿತ್ತುಹೋಗಿದ್ದರೆ ಅಥವಾ ಮೇಲೆ ಬಣ್ಣ ಬಳಿದಿದ್ದರೆ ಬೇರೆ ಗಾಡಿಯ ಪಂಪ್ ಹಾಕಿರುವ ಸಾಧ್ಯತೆ ಇದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಟೈರ್ ಒದ್ದು ನೋಡುವ ಬದಲು ಇದನ್ನು ನೋಡಿ.

ಟೈಮಿಂಗ್ ಕೂರಿಸುವುದನ್ನು ನಾನೇ ಪಕ್ಕದಲ್ಲಿ ನಿಂತು ಕಲಿತೆ. ಒಂದನೇ ಸಿಲಿಂಡರ್ ಕಂಪ್ರೆಶನ್‌ಗೆ (ಪಿಸ್ಟನ್ ಗಾಳಿ ಒತ್ತುವ ಹೊತ್ತಿಗೆ) ತರುತ್ತಾರೆ. ಪಂಪಿನ ಒಂದನೇ ಡಿಲಿವರಿ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆದು, ಅಲ್ಲಿ ಬಾಗಿದ ಸಣ್ಣ ಪೈಪ್ ಕೂರಿಸುತ್ತಾರೆ. ಡೀಸೆಲ್ ಧಾರೆಯಾಗಿ ಬರುತ್ತದೆ. ಇಂಜಿನ್ನನ್ನು ಕೈಯಲ್ಲಿ ಅದು ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿದರೆ ಧಾರೆ ಹನಿಯಾಗುತ್ತದೆ. ಹನಿ ನಿಲ್ಲುವ ಜಾಗದಲ್ಲಿ ಇಂಜಿನ್ನಿನ ಗುರುತು ಮ್ಯಾನುಯಲ್ ಹೇಳಿದ ಡಿಗ್ರಿಗೆ ಕೂರಬೇಕು. ಇಲ್ಲದಿದ್ದರೆ ಪಂಪಿನ ಬೋಲ್ಟು ಸಡಿಲಿಸಿ ಇಡೀ ಪಂಪನ್ನು ಕೂದಲೆಳೆಯಷ್ಟು ತಿರುಗಿಸಬೇಕು. ನಿಧಾನದ ಕೆಲಸ. ಸದ್ದು ಕೇಳಿ ಟೈಮಿಂಗ್ ಇಡುವವರೂ ಇದ್ದಾರೆ, ನನಗೆ ನಂಬಿಕೆ ಇಲ್ಲ.

ಈಗ ಬೈಗುಳ. ಒಂದು, ಹೇಳಿದ ದಿನಕ್ಕೆ ಕೆಲಸ ಆಗುವುದಿಲ್ಲ. ಎಲಿಮೆಂಟ್ ಹುಬ್ಬಳ್ಳಿಯಿಂದ ಬರಬೇಕು ಅಂತ ಕೂರಿಸಿದರು. ಅಷ್ಟು ದಿನ ಗಾಡಿ ನಿಂತರೆ ಕಂತು ನಿಲ್ಲುತ್ತದೆಯೇ? ಎರಡು, ಫೋನ್ ಎತ್ತುವುದಿಲ್ಲ. ಮೂರು, ಬಿಲ್ ಅಂದರೆ ಚೀಟಿ ಮೇಲೆ ಪೆನ್ನಿನ ಲೆಕ್ಕ. ಲಾರಿ ನಿಲ್ಲಿಸಲು ಜಾಗ ಇಲ್ಲ, ಪಕ್ಕದ ಅಂಗಡಿಯವರ ಹತ್ತಿರ ದಿನಾ ಮಾತು ಕೇಳಬೇಕು. ಕಾಯುವಾಗ ಎದುರು ಗಾಡಿಯ ವಗ್ಗಾಣಿ-ಮಿರ್ಚಿ ಒಂದೇ ಸಮಾಧಾನ. ಬೆಂಚ್ ಕೂಲಿ 3,500 ತೆಗೆದುಕೊಂಡರು, ಸಾಮಾನಿನ ದುಡ್ಡು ಬೇರೆ. ಕಮ್ಮಿ ಏನಲ್ಲ. ಆದರೆ ತೆಗೆದ ಹಳೇ ಎಲಿಮೆಂಟು, ನಾಜಲ್ಲು ಎಲ್ಲಾ ಡಬ್ಬಿಯಲ್ಲಿ ಹಾಕಿ ವಾಪಸ್ ಕೊಟ್ಟರು, ಕೇಳದೆಯೇ.

ಕೆಲಸ ಆದ ಮೇಲೆ ಲೋಡಿನಲ್ಲಿ ಲೀಟರಿಗೆ ಮೂರೂವರೆ ಕಿ.ಮೀ. ಕೊಡುತ್ತಿದ್ದದ್ದು ಈಗ ನಾಲ್ಕು ದಾಟುತ್ತಿದೆ. ಮಧ್ಯಾಹ್ನದ ಬಿಸಿಲಲ್ಲೂ ಗೋಣಿಚೀಲ ಬೇಕಾಗಿಲ್ಲ. ಹೊಗೆ ಟೆಸ್ಟಿನಲ್ಲಿ ನಮ್ಮಂಥ ಹಳೇ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ). ಈ ಸಲ ಯಾರ ಕೈಕಾಲೂ ಹಿಡಿಯದೆ ಅದರೊಳಗೆ ಬಂತು. ಹಾಗಂತ ಎಲ್ಲಾ ಲಾಭವೇ ಅಲ್ಲ. ಏರಿನಲ್ಲಿ ಮೊದಲಿದ್ದ ಮೊಂಡು ಎಳೆತ ಹೋಗಿದೆ. ಹಿರಿಯೂರು ಕಡೆ ಅಕ್ಕಿ ಲೋಡಿನಲ್ಲಿ ಹೋಗುವಾಗ ಒಂದು ಗೇರ್ ಮೊದಲೇ ಇಳಿಸಬೇಕು. ನನ್ನ ಡ್ರೈವರ್ ಇದಕ್ಕೆ ಇನ್ನೂ ಮುನಿಸಿಕೊಂಡಿದ್ದಾನೆ. "ಅಣ್ಣಾ, ಸ್ವಲ್ಪ ಒಂದು ಸುತ್ತು ಹೆಚ್ಚಿಸೋಣ" ಅಂತ ಆಗಾಗ ರಾಗ ಎಳೆಯುತ್ತಾನೆ. ಓವರ್‌ಲೋಡ್ ಹೊಡೆಯುವವರಿಗೆ ಈ ಅಂಗಡಿ ಹಿಡಿಸುವುದಿಲ್ಲ. ಚಾರ್ಟ್ ದಾಟಿ ಕೂರಿಸಿ ಅಂದರೆ ಚಾಚಾ ಪಂಪ್ ವಾಪಸ್ ಕೊಟ್ಟು ಕಳಿಸುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿದದ್ದು ಫೋನ್ ಎತ್ತದ್ದಕ್ಕೆ.

ಹೋಗುವವರಿಗೆ ಒಂದೆರಡು ಮಾತು. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಊರಲ್ಲಿ ನಂಬಿಕೆಯ ಮಿಸ್ತ್ರಿ ಇದ್ದರೆ ಪಂಪ್ ಬಿಚ್ಚಿಸಿ ಬರೀ ಪಂಪ್ ತರಬಹುದು, ಗಾಡಿ ತರುವ ಡೀಸೆಲ್ ಉಳಿಯುತ್ತದೆ. ಬಿಚ್ಚುವ ಮೊದಲು ಪಂಪಿಗೂ ಇಂಜಿನ್ನಿಗೂ ಸೇರಿಸಿ ಉಳಿಯಲ್ಲಿ ಒಂದು ಗುರುತು ಹಾಕಿಸಿ. ಪೈಪ್ ಬಿಚ್ಚಿದ ಕೂಡಲೇ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ, ಬಟ್ಟೆ ತುರುಕಬೇಡಿ, ನೂಲು ಒಳಗೆ ಹೋಗುತ್ತದೆ. ಆರೂ ನಾಜಲ್‌ಗಳಿಗೆ ಸಿಲಿಂಡರ್ ನಂಬರ್ ಬರೆದು ಜೊತೆಗೇ ತನ್ನಿ. ನಾಜಲ್ ತರದೆ ಬರೀ ಪಂಪ್ ಒಯ್ದವರನ್ನು ಅವರು ಬಾಗಿಲಲ್ಲೇ ವಾಪಸ್ ಕಳಿಸುವುದನ್ನು ನೋಡಿದ್ದೇನೆ.