ಬರ್ಬನ್ ಲೇಬಲ್: ಮುಂದೆ ದೊಡ್ಡಕ್ಷರದಲ್ಲಿ ಕಥೆ, ಹಿಂದೆ ಚಿಕ್ಕಕ್ಷರದಲ್ಲಿ ವಿಷಯ

ವಿಸ್ಕಿ ವಿಮರ್ಶೆ ಅಂದರೆ ಮೂಗಿಗೆ ವೆನಿಲ್ಲಾ ಬಂತು, ನಾಲಿಗೆಗೆ ಕ್ಯಾರಮೆಲ್ ಸಿಕ್ಕಿತು, ಗಂಟಲಲ್ಲಿ ಇಳಿಯುವಾಗ ಮೆಣಸಿನ ಖಾರ ಅಂತ ಬರೆಯುವುದು ವಾಡಿಕೆ. ಅದೂ ಬರುತ್ತದೆ, ಸ್ವಲ್ಪ ತಡೆಯಿರಿ. ಇವತ್ತು ಮೊದಲು ಮಾತಾಡಬೇಕಿರುವುದು ಬರ್ಬನ್, ಅಂದರೆ ಅಮೆರಿಕದ ಮೆಕ್ಕೆಜೋಳದ ವಿಸ್ಕಿ, ಅದರ ಬಾಟಲಿಗೆ ಅಂಟಿಸಿದ ಕಾಗದದ ಬಗ್ಗೆ.

ನಾನು ಕೊಂಡ ಬಾಟಲಿಯ ಹೆಸರು ಬೇಡ. ಅಮೆರಿಕದ ಯಾವ ಲಿಕ್ಕರ್ ಅಂಗಡಿಗೆ ಹೋದರೂ ಇದೇ ಜಾತಿಯ ಬಾಟಲಿಗಳು ಒಂದು ಸಾಲು ತುಂಬ ನಿಂತಿರುತ್ತವೆ. ಬೆಲೆ 55 ಡಾಲರ್ ಆಸುಪಾಸು. ದಪ್ಪ ಗಾಜು, ಮರದ ಬಿರಡೆ, ಹಳೇ ಕಾಗದದ ಹಾಗೆ ಕಾಣಲಿ ಅಂತ ಅಂಚು ಹರಿದಂತೆ ಕತ್ತರಿಸಿದ ಲೇಬಲ್. ಮೇಲೆ ಮೀಸೆ ಹೊತ್ತ ಒಬ್ಬ ಅಜ್ಜನ ಚಿತ್ರ, ಪಕ್ಕದಲ್ಲಿ 1800ರ ದಶಕದ ಯಾವುದೋ ಒಂದು ಇಸವಿ. ಕೆಳಗೆ ಸಾಲಾಗಿ ಸ್ಮಾಲ್ ಬ್ಯಾಚ್, ಹ್ಯಾಂಡ್‌ಕ್ರಾಫ್ಟೆಡ್, ರಿಸರ್ವ್. ಇಷ್ಟೆಲ್ಲ ಓದಿದ ಮೇಲೂ ಒಳಗೇನಿದೆ ಅಂತ ಗೊತ್ತಾಗಲಿಲ್ಲ, ಯಾಕೆಂದರೆ ಈ ಮೂರು ಮಾತಿಗೂ ಅಮೆರಿಕದ ಕಾನೂನಿನಲ್ಲಿ ಅರ್ಥವೇ ಇಲ್ಲ.

ಹಾಗಂತ ಬರ್ಬನ್‌ಗೆ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಬಿಗಿಯಾದ ಕಾನೂನೇ ಇದೆ. ಅಮೆರಿಕದಲ್ಲೇ ತಯಾರಾಗಬೇಕು, ಧಾನ್ಯದಲ್ಲಿ ಕನಿಷ್ಠ ಶೇಕಡಾ 51 ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟು ಕಪ್ಪು ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಭಟ್ಟಿ ಇಳಿಸುವಾಗ 160 ಪ್ರೂಫ್ ದಾಟಬಾರದು, ಪೀಪಾಯಿಗೆ ತುಂಬುವಾಗ 125 ಪ್ರೂಫ್ ದಾಟಬಾರದು, ಬಾಟಲಿಗೆ ಹಾಕುವಾಗ 80 ಪ್ರೂಫ್‌ಗಿಂತ ಕಡಿಮೆ ಆಗಬಾರದು. ಪ್ರೂಫ್ ಲೆಕ್ಕ ಸುಲಭ, ಅರ್ಧ ಮಾಡಿದರೆ ಆಲ್ಕೋಹಾಲ್‌ನ ಶೇಕಡಾವಾರು ಸಿಗುತ್ತದೆ. ಬಣ್ಣ, ರುಚಿ ಏನನ್ನೂ ಬೆರೆಸುವ ಹಾಗಿಲ್ಲ. ಅದಕ್ಕೇ ‘ಕೃತಕ ಬಣ್ಣ ಸೇರಿಸಿಲ್ಲ’ ಅಂತ ಯಾರಾದರೂ ಬರ್ಬನ್ ಬಾಟಲಿ ಮೇಲೆ ಹೆಮ್ಮೆಯಿಂದ ಬರೆದುಕೊಂಡರೆ ನಗು ಬರುತ್ತದೆ. ಸೇರಿಸಿದ್ದರೆ ಅದು ಬರ್ಬನ್ನೇ ಆಗುತ್ತಿರಲಿಲ್ಲ ಅಲ್ವಾ?

ಇನ್ನೊಂದು ವಿಷಯ, ಕೆಂಟಕಿ ರಾಜ್ಯದಲ್ಲೇ ಆಗಬೇಕು ಅಂತ ಏನಿಲ್ಲ. ಹೆಚ್ಚಿನ ಬರ್ಬನ್ ಅಲ್ಲಿಂದ ಬರುತ್ತದೆ ನಿಜ, ಆದರೆ ಟೆಕ್ಸಸ್‌ನಲ್ಲಿ ಮಾಡಿದರೂ ನ್ಯೂಯಾರ್ಕ್‌ನಲ್ಲಿ ಮಾಡಿದರೂ ಬರ್ಬನ್ನೇ.

ಈಗ ಸ್ಮಾಲ್ ಬ್ಯಾಚ್‌ಗೆ, ಅಂದರೆ ಕೆಲವೇ ಪೀಪಾಯಿ ಬೆರೆಸಿ ಮಾಡಿದ್ದು ಅನ್ನುವ ಮಾತಿಗೆ ಬರೋಣ. ಜಿಮ್ ಬೀಮ್ ಕಂಪನಿ 1992ರಲ್ಲಿ ಬೂಕರ್ಸ್, ಬೇಕರ್ಸ್, ಬೇಸಿಲ್ ಹೇಡನ್, ನಾಬ್ ಕ್ರೀಕ್ ಈ ನಾಲ್ಕನ್ನು ಸ್ಮಾಲ್ ಬ್ಯಾಚ್ ಅಂತ ಒಟ್ಟಿಗೆ ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಈ ಹೆಸರು ಎಲ್ಲರ ಬಾಯಲ್ಲೂ. ಸ್ಮಾಲ್ ಅಂದರೆ ಎಷ್ಟು? ಹತ್ತು ಪೀಪಾಯಿ ಬೆರೆಸಿದವರೂ ಅದನ್ನೇ ಬರೆಯಬಹುದು, ನೂರಾರು ಪೀಪಾಯಿ ಬೆರೆಸಿದ ದೊಡ್ಡ ಕಾರ್ಖಾನೆಯವರೂ ಬರೆಯಬಹುದು, ತಡೆಯುವವರು ಯಾರೂ ಇಲ್ಲ. ಅಲ್ಲಿ ಪ್ರತಿ ಲೇಬಲ್‌ಗೂ ಟಿಟಿಬಿ ಅನ್ನುವ ಕೇಂದ್ರ ಸರ್ಕಾರದ ಇಲಾಖೆಯಿಂದ ಮೊದಲೇ ಒಪ್ಪಿಗೆ ಪಡೆಯಬೇಕು, ಆದರೆ ಅರ್ಥವೇ ಗೊತ್ತುಮಾಡದ ಮಾತನ್ನು ಅವರಾದರೂ ಯಾವ ಅಳತೆಗೋಲು ಹಿಡಿದು ನೋಡುತ್ತಾರೆ? ರಿಸರ್ವ್, ರೇರ್, ಸ್ಪೆಷಲ್, ಸೆಲೆಕ್ಟ್, ಓಲ್ಡ್, ಕ್ರಾಫ್ಟ್ ಇವೆಲ್ಲ ಇದೇ ಗುಂಪು. ಸುಮ್ನೆ ಅಲಂಕಾರ.

ಹ್ಯಾಂಡ್‌ಮೇಡ್ ವಿಷಯವಂತೂ ಕೋರ್ಟಿಗೇ ಹೋಗಿತ್ತು. ಮೇಕರ್ಸ್ ಮಾರ್ಕ್ ಅನ್ನುವ ಬರ್ಬನ್‌ನ ಲೇಬಲ್ ಮೇಲಿನ ಹ್ಯಾಂಡ್‌ಮೇಡ್ ಅನ್ನುವ ಮಾತು ಮೋಸ ಅಂತ ಗ್ರಾಹಕರು ಫ್ಲೋರಿಡಾದಲ್ಲಿ ಕೇಸ್ ಹಾಕಿದರು. 2015ರಲ್ಲಿ ಅದು ವಜಾ ಆಯಿತು. ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಬರ್ಬನ್ನನ್ನು ಯಾರೋ ಅಕ್ಷರಶಃ ಕೈಯಲ್ಲಿ ಮಾಡುತ್ತಾರೆ ಅಂತ ಬುದ್ಧಿ ಇರುವ ಯಾವ ಗ್ರಾಹಕನೂ ನಂಬುವುದಿಲ್ಲ, ಕೋರ್ಟಿನ ವಾದ ಹೆಚ್ಚುಕಡಿಮೆ ಇದೇ. ಜಿಮ್ ಬೀಮ್‌ನ ಹ್ಯಾಂಡ್‌ಕ್ರಾಫ್ಟೆಡ್ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹಾಕಿದ ಕೇಸೂ ನಿಲ್ಲಲಿಲ್ಲ. ತೀರ್ಪು ಸರಿಯೇ ಇರಬಹುದು. ಆದರೆ ನಂಬದಿರುವುದೇ ನಮ್ಮ ಕೆಲಸ ಅಂತಾದರೆ ಆ ಮಾತನ್ನು ಅಚ್ಚು ಹಾಕುವುದಾದರೂ ಯಾಕೆ ಸ್ವಾಮಿ?

ಸರಿ, ನನ್ನ ಬಾಟಲಿಯನ್ನು ತಿರುಗಿಸಿದೆ. ಹಿಂದೆ ಒಂದು ಉದ್ದ ಕಥೆ: ಕುಟುಂಬ, ಪರಂಪರೆ, ಬೆಟ್ಟದ ನೀರು, ತಲೆಮಾರಿನಿಂದ ಬಂದ ರೆಸಿಪಿ. ಅದರ ಕೆಳಗೆ, ಸರ್ಕಾರದ ಆರೋಗ್ಯ ಎಚ್ಚರಿಕೆ ಮತ್ತು ಬಾರ್‌ಕೋಡ್ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಮೂರು ಸಾಲು. ‘ಪ್ರೊಡ್ಯೂಸ್ಡ್ ಅಂಡ್ ಬಾಟಲ್ಡ್ ಬೈ’ ಅಂತ ಕಂಪನಿಯ ಹೆಸರು. ‘ಡಿಸ್ಟಿಲ್ಡ್ ಇನ್ ಇಂಡಿಯಾನಾ’. ‘ಏಜ್ಡ್ ಅಟ್ ಲೀಸ್ಟ್ 36 ಮಂತ್ಸ್’. ಇಡೀ ಬಾಟಲಿಯಲ್ಲಿ ನನಗೆ ಬೇಕಿದ್ದದ್ದು ಈ ಮೂರೇ ಸಾಲು.

ಮೊದಲ ಸಾಲಿನಲ್ಲಿ ‘ಡಿಸ್ಟಿಲ್ಡ್ ಬೈ’, ಅಂದರೆ ಭಟ್ಟಿ ಇಳಿಸಿದವರು ಇಂಥವರು ಅನ್ನುವ ಮಾತು, ಇಲ್ಲ ಅನ್ನುವುದನ್ನು ಗಮನಿಸಿ. ಪ್ರೊಡ್ಯೂಸ್ಡ್, ಬಾಟಲ್ಡ್ ಅಂತ ಮಾತ್ರ ಇದ್ದರೆ, ಬೇರೆ ಕಡೆಯಿಂದ ತಂದ ವಿಸ್ಕಿಯನ್ನು ಬೆರೆಸಿ ಬಾಟಲಿ ತುಂಬಿದ್ದಾರೆ ಅಂತ ಅನುಮಾನ ಪಡುವುದಕ್ಕೆ ಅಷ್ಟು ಸಾಕು. ಭಟ್ಟಿ ಇಳಿಸಿದ ರಾಜ್ಯ ಬೇರೆ, ಲೇಬಲ್ ಮೇಲಿನ ವಿಳಾಸ ಬೇರೆ ಆದರೆ ಆ ರಾಜ್ಯದ ಹೆಸರು ಹಾಕಲೇಬೇಕು ಅಂತ ನಿಯಮ ಇದೆ, ಅದಕ್ಕೇ ಇಂಡಿಯಾನಾ ಅಲ್ಲಿ ಬಂದು ಕೂತಿದೆ. ಇಂಡಿಯಾನಾ ಅಂತ ಕಂಡರೆ ಬಲ್ಲವರು ಎಂಜಿಪಿ ಅನ್ನುತ್ತಾರೆ. ಲಾರೆನ್ಸ್‌ಬರ್ಗ್ ಊರಿನ ದೊಡ್ಡ ಡಿಸ್ಟಿಲರಿ ಅದು, 2021ರಿಂದ ಹೆಸರು ರಾಸ್ ಅಂಡ್ ಸ್ಕ್ವಿಬ್. ಎಷ್ಟೋ ಬ್ರ್ಯಾಂಡ್‌ಗಳಿಗೆ ಮಾಲು ಹೋಗುವುದು ಅಲ್ಲಿಂದಲೇ. ಟೆಂಪಲ್ಟನ್ ರೈ ನೆನಪಿದೆಯಾ? ಬರ್ಬನ್ ಅಲ್ಲ, ರೈ ಅನ್ನುವ ಧಾನ್ಯದಿಂದ ಮಾಡಿದ ವಿಸ್ಕಿ, ಆದರೆ ಕಥೆ ಇದೇ. ಐಯೊವಾದ ಪುಟ್ಟ ಊರು, ಮದ್ಯ ನಿಷೇಧದ ಕಾಲದ ರೆಸಿಪಿ, ಆ ಕಾಲದ ಗ್ಯಾಂಗ್‌ಸ್ಟರ್ ಅಲ್ ಕಪೋನ್‌ಗೆ ಇಷ್ಟವಾಗಿದ್ದ ವಿಸ್ಕಿ ಅಂತೆಲ್ಲ ಬಣ್ಣ ಕಟ್ಟಿ ಮಾರಿದರು. ವಿಸ್ಕಿ ಬರುತ್ತಿದ್ದದ್ದು ಇಂಡಿಯಾನಾದಿಂದ. 2014ರಲ್ಲಿ ಕೇಸ್ ಬಿತ್ತು, 2015ರಲ್ಲಿ ರಾಜಿ ಆಯಿತು, ಕೊಂಡವರಿಗೆ ಒಂದಿಷ್ಟು ದುಡ್ಡು ವಾಪಸ್ ಕೊಡಬೇಕಾಯಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು, ಎಂಜಿಪಿ ಮಾಲು ಕೆಟ್ಟದ್ದೇನಲ್ಲ, ಬಹಳ ಚೆನ್ನಾಗಿಯೇ ಮಾಡುತ್ತಾರೆ. ಬೇರೆಯವರಿಂದ ಕೊಂಡು ತುಂಬಿದ್ದೇವೆ ಅಂತ ಮುಂದಿನ ಲೇಬಲ್‌ನಲ್ಲೇ ಹೇಳಿಕೊಳ್ಳುವ ಕಂಪನಿಗಳೂ ಇವೆ, ಅಂಥವರ ಮೇಲೆ ನನಗೆ ಗೌರವವೇ ಇದೆ. ಸಿಟ್ಟು ಬರುವುದು ಮೀಸೆ ಅಜ್ಜನ ಚಿತ್ರ ಹಾಕಿ ಕಿವಿಗೆ ಹೂವು ಇಡುವವರ ಮೇಲೆ.

ಮೂರನೇ ಸಾಲು ಇನ್ನೂ ಮಜವಾಗಿದೆ. ಮೂರು ವರ್ಷ ಅಂತ ಬರೆಯಬಹುದಿತ್ತು. 36 ತಿಂಗಳು ಅಂತ ಬರೆದರೆ ಅಂಕಿ ದೊಡ್ಡದಾಗಿ ಕಾಣುತ್ತದೆ ಅಷ್ಟೇ. ವಯಸ್ಸಿನ ನಿಯಮ ಹೀಗಿದೆ: ಬರೀ ಬರ್ಬನ್ ಅಂತ ಕರೆಯಲು ಇಷ್ಟು ವರ್ಷ ಇಡಲೇಬೇಕು ಅಂತ ಇಲ್ಲ. ಸ್ಟ್ರೇಟ್ ಬರ್ಬನ್ ಅಂದರೆ ಕನಿಷ್ಠ 2 ವರ್ಷ. 4 ವರ್ಷಕ್ಕಿಂತ ಕಡಿಮೆ ಇದ್ದರೆ ವಯಸ್ಸು ಬರೆಯಲೇಬೇಕು, ಜಾಸ್ತಿ ಇದ್ದರೆ ಬರೆದರೂ ಸರಿ ಬಿಟ್ಟರೂ ಸರಿ. ಬೆರೆಸಿದ ಪೀಪಾಯಿಗಳಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸೇ ಲೆಕ್ಕಕ್ಕೆ ಬರುವುದು. ಹಾಗಾಗಿ ಸ್ಟ್ರೇಟ್ ಅನ್ನುವುದು ಅಲಂಕಾರವಲ್ಲ, ಅದಕ್ಕೆ ತೂಕ ಇದೆ. ನನ್ನ ಬಾಟಲಿಯಲ್ಲಿ ಆ ಪದ ಮುಂದಿನ ಲೇಬಲ್‌ನಲ್ಲೇ ಇತ್ತು, ಆದರೆ ರಿಸರ್ವ್‌ಗಿಂತ ಚಿಕ್ಕದಾಗಿ!

ರುಚಿ? ಸಿಹಿ ಜೋಳದ ವಾಸನೆ, ಸ್ವಲ್ಪ ಹಸಿ ಮರ, ಕೊನೆಯಲ್ಲಿ ರೈ ಧಾನ್ಯದ ಖಾರ. ಎಳೆ ವಿಸ್ಕಿ, ಕುಡಿಯೋಕೆ ತೊಂದರೆ ಇಲ್ಲ, ಐಸ್ ಹಾಕಿದರೆ ಇನ್ನೂ ವಾಸಿ. 30 ಡಾಲರ್ ಆಗಿದ್ದರೆ ಬಾಯಿ ಮುಚ್ಚಿಕೊಂಡು ಕುಡಿಯುತ್ತಿದ್ದೆ. ಉಳಿದ 25 ಡಾಲರ್ ಗಾಜಿಗೆ, ಬಿರಡೆಗೆ, ಅಜ್ಜನಿಗೆ. ಹತ್ತಕ್ಕೆ ವಿಸ್ಕಿಗೆ ಆರು, ಲೇಬಲ್‌ಗೆ ಎರಡು. ಆ ಎರಡೂ ಹಿಂದಿನ ಮೂರು ಸಾಲಿಗೆ.

ಅಂಕಿಗಳ ಆಟ ಬೇರೆಯವರೂ ಆಡಿದ್ದಾರೆ. ವೆರಿ ಓಲ್ಡ್ ಬಾರ್ಟನ್ ಬಾಟಲಿಯ ಕತ್ತಿನ ಮೇಲೆ ಮೊದಲು 6 ವರ್ಷ ಅಂತ ಇತ್ತು. ಆಮೇಲೆ ವರ್ಷ ಅನ್ನುವ ಮಾತು ಹೋಯಿತು, 6 ಮಾತ್ರ ಅಲ್ಲೇ ಉಳಿಯಿತು. ಹಳೇ ಗ್ರಾಹಕ ಅದನ್ನು ನೋಡಿ ಏನಂದುಕೊಳ್ಳುತ್ತಾನೆ ಅಂತ ಬೇರೆ ಹೇಳಬೇಕಾ? ಎಲೈಜಾ ಕ್ರೇಗ್ ಸ್ಮಾಲ್ ಬ್ಯಾಚ್‌ನಲ್ಲಿ 12 ವರ್ಷ ಅನ್ನುವುದು ಮೊದಲು ಮುಂದಿನಿಂದ ಹಿಂದಿನ ಲೇಬಲ್‌ಗೆ ಸರಿಯಿತು, 2016ರಲ್ಲಿ ಪೂರ್ತಿ ಮಾಯವಾಯಿತು. ನಾಬ್ ಕ್ರೀಕ್ 9 ವರ್ಷವನ್ನು ತೆಗೆದುಹಾಕಿ 2020ರಲ್ಲಿ ಮತ್ತೆ ತಂದಿತು, ಅವರಿಗೆ ಒಂದು ಶಹಬ್ಬಾಸ್.

ಹೆಚ್ಚು ಜನ ಎಡವುವ ಜಾಗ ಒಂದಿದೆ. ‘ಬ್ಲೆಂಡೆಡ್ ಬರ್ಬನ್’ ಮತ್ತು ‘ಬ್ಲೆಂಡ್ ಆಫ್ ಸ್ಟ್ರೇಟ್ ಬರ್ಬನ್ಸ್’ ಓದಲು ಒಂದೇ ಥರ ಇವೆ, ಒಳಗಿರುವುದು ಬೇರೆ ಬೇರೆ. ಎರಡನೆಯದರಲ್ಲಿ ಇರುವುದೆಲ್ಲ ಸ್ಟ್ರೇಟ್ ಬರ್ಬನ್ನೇ, ಬೇರೆ ಬೇರೆ ಕಡೆಯದ್ದು ಸೇರಿರಬಹುದು. ಮೊದಲನೆಯದರಲ್ಲಿ ಸ್ಟ್ರೇಟ್ ಬರ್ಬನ್ ಶೇಕಡಾ 51 ಇದ್ದರೆ ಸಾಕು, ಉಳಿದದ್ದು ರುಚಿಯಿಲ್ಲದ ನ್ಯೂಟ್ರಲ್ ಸ್ಪಿರಿಟ್ ಕೂಡ ಆಗಿರಬಹುದು. ಇಲ್ಲಿ ಕಾನೂನು ಸ್ಪಷ್ಟವಾಗಿದೆ, ಆದರೆ ಅಂಗಡಿಯಲ್ಲಿ ನಿಂತು ಓದುವವನಿಗೆ ಆ ವ್ಯತ್ಯಾಸ ಹೊಳೆಯುವುದು ಕಷ್ಟ. ಲೇಬಲ್ ಬರೆಯುವವರ ಚಾಲಾಕಿ ಅಲ್ಲ, ನಿಯಮ ಬರೆದವರದ್ದೇ ತಪ್ಪು ಅನ್ನುತ್ತೇನೆ.

ಸೋರ್ ಮ್ಯಾಶ್ ಅನ್ನುವುದನ್ನೂ ಕೆಲವರು ದೊಡ್ಡದಾಗಿ ಹಾಕುತ್ತಾರೆ. ಹಿಂದಿನ ಭಟ್ಟಿಯಲ್ಲಿ ಉಳಿದ ಹುಳಿ ನೀರನ್ನು ಹೊಸ ಹಿಟ್ಟಿಗೆ ಸೇರಿಸುವ ಪದ್ಧತಿ ಅದು. ಹುಳಿ ಇದ್ದರೆ ಬೇಡದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಪ್ರತಿ ಸಲ ಹುದುಗು ಒಂದೇ ರೀತಿ ಬರುತ್ತದೆ. ಬರ್ಬನ್ ಮಾಡುವವರು ಹತ್ತಿರ ಹತ್ತಿರ ಎಲ್ಲರೂ ಹೀಗೇ ಮಾಡುವುದು, ಹಾಗಿರುವಾಗ ಇದರಲ್ಲಿ ವಿಶೇಷ ಏನು?

ಹಾಗಾದರೆ ನಂಬುವಂಥದ್ದು ಯಾವುದು? ನನ್ನ ಕೇಳಿದರೆ ಬಾಟಲ್ಡ್ ಇನ್ ಬಾಂಡ್. 1897ರ ಕಾಯ್ದೆಯಿಂದ ಬಂದದ್ದು. ಆಗಿನ ಕಾಲಕ್ಕೆ ಹಸಿ ಸ್ಪಿರಿಟ್‌ಗೆ ಒಣ ಪ್ಲಮ್ ರಸ, ತಂಬಾಕಿನ ರಸ ಸೇರಿಸಿ ಬಣ್ಣ ಬರಿಸಿ ಹಳೇ ವಿಸ್ಕಿ ಅಂತ ಮಾರುತ್ತಿದ್ದರು. ಕರ್ನಲ್ ಟೇಲರ್ ಅನ್ನುವ ಕೆಂಟಕಿಯ ಡಿಸ್ಟಿಲರಿ ಮಾಲೀಕ, ಖಜಾನೆ ಕಾರ್ಯದರ್ಶಿ ಜಾನ್ ಕಾರ್ಲೈಲ್ ಇಬ್ಬರೂ ಹಿಂದೆ ಬಿದ್ದು ಈ ಕಾಯ್ದೆ ಮಾಡಿಸಿದರು. ಲೇಬಲ್ ಮೇಲೆ ಈ ಮಾತು ಬರೆಯಬೇಕಾದರೆ ವಿಸ್ಕಿ ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಅರ್ಧವರ್ಷದ ಹಂಗಾಮಿನಲ್ಲಿ ಇಳಿಸಿದ್ದಾಗಿರಬೇಕು. ಸರ್ಕಾರದ ನಿಗಾ ಇರುವ ಗೋದಾಮಿನಲ್ಲಿ ಕನಿಷ್ಠ 4 ವರ್ಷ ಇರಬೇಕು. ಬಾಟಲಿಗೆ ಹಾಕುವಾಗ ಸರಿಯಾಗಿ 100 ಪ್ರೂಫ್ ಇರಬೇಕು, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. ಯಾವ ಡಿಸ್ಟಿಲರಿ ಅಂತ ಲೇಬಲ್ ಮೇಲೆ ಗೊತ್ತಾಗಬೇಕು. ಯಾರು ಮಾಡಿದರು, ಎಷ್ಟು ಹಳೆಯದು, ಎಷ್ಟು ಗಟ್ಟಿ, ಎಲ್ಲದಕ್ಕೂ ಒಂದೇ ಮಾತಿನಲ್ಲಿ ಉತ್ತರ. ತಮಾಷೆ ಅಂದರೆ ಇದು ಸಿಗುವುದು ಮೇಲಿನ ದುಬಾರಿ ಸಾಲಿನಲ್ಲಿ ಅಲ್ಲ. ಇವಾನ್ ವಿಲಿಯಮ್ಸ್‌ನ ಬಿಳಿ ಲೇಬಲ್ ಬಾಟಲಿ ಹುಡುಕಿ, ಮೊಣಕಾಲೂರಿ ಕೆಳಗಿನ ಸಾಲು ನೋಡಬೇಕು. ಸುಮಾರು 20 ಡಾಲರ್‌ಗೆ ಸಿಗುತ್ತದೆ, ಮೀಸೆ ಅಜ್ಜನಿಗಿಂತ ಎಷ್ಟೋ ಮೇಲು.

ಸಿಂಗಲ್ ಬ್ಯಾರೆಲ್, ಅಂದರೆ ಬೆರಕೆ ಇಲ್ಲದೆ ಒಂದೇ ಪೀಪಾಯಿಯಿಂದ ತುಂಬಿದ್ದು, ಅದನ್ನೂ ತಕ್ಕಮಟ್ಟಿಗೆ ನಂಬಬಹುದು. 1984ರಲ್ಲಿ ಬಂದ ಬ್ಲಾಂಟನ್ಸ್‌ನಿಂದ ಇದು ಹೆಸರಾಯಿತು. ಅದರ ಲೇಬಲ್ ನೋಡಿ, ಪೀಪಾಯಿಯಿಂದ ಸುರಿದ ದಿನ, ಪೀಪಾಯಿ ಸಂಖ್ಯೆ, ಗೋದಾಮು, ಅಟ್ಟಣೆಯ ನಂಬರ್ ಎಲ್ಲ ತುಂಬಿಸಿರುತ್ತಾರೆ. ಮಾಹಿತಿ ಅಂದರೆ ಅದು. ಒಂದೇ ತೊಡಕು, ಪೀಪಾಯಿ ಬದಲಾದರೆ ರುಚಿಯೂ ಬದಲಾಗುತ್ತದೆ, ಹೋದ ಸಲ ಹಿಡಿಸಿದ್ದು ಈ ಸಲ ಸಪ್ಪೆ ಅನಿಸಬಹುದು. ಬ್ಯಾರೆಲ್ ಪ್ರೂಫ್‌ಗೂ ನಿಯಮ ಇದೆ, ಪೀಪಾಯಿಯಿಂದ ಸುರಿದಾಗ ಇದ್ದ ಪ್ರೂಫ್‌ಗಿಂತ ಎರಡು ಅಂಕಿಗಿಂತ ಜಾಸ್ತಿ ಇಳಿಸುವ ಹಾಗಿಲ್ಲ. ಇಲ್ಲಿ ನೀರಿಗೆ ದುಡ್ಡು ಕೊಡುತ್ತಿಲ್ಲ ಅನ್ನುವುದೇ ಲಾಭ. 120, 130 ಪ್ರೂಫ್ ಇರುವುದುಂಟು, ಹಾಗೇ ಬಾಯಿಗೆ ಹಾಕಿಕೊಂಡರೆ ನಾಲಿಗೆ ಮರಗಟ್ಟಿ ಏನೂ ತಿಳಿಯುವುದಿಲ್ಲ. ಒಂದು ಚಮಚ ನೀರು ಬೆರೆಸಿ, ಐದು ನಿಮಿಷ ಬಿಟ್ಟು ಕುಡಿಯಿರಿ.