ಕಾರ್ಕ್ ಪಿನ್ ಬೋರ್ಡ್ ಮತ್ತು ಅಂಟುಪಟ್ಟಿ: ಕೆಲವು ವರ್ಷಗಳ ಬಳಕೆಯ ನಂತರ

ಗೋಡೆಗೆ ಮರದ ಚೌಕಟ್ಟಿನ ಕಾರ್ಕ್ ಬೋರ್ಡ್ ಹಾಕಿ, ಅದರ ಸುತ್ತ ಫೋಟೊ ಫ್ರೇಮ್‌ಗಳನ್ನು ಅಂಟುಪಟ್ಟಿಯಲ್ಲಿ ನಿಲ್ಲಿಸಿ ಕೆಲವು ವರ್ಷಗಳಾದವು. ಬೋರ್ಡ್‌ಗೆ ಪೂರ್ತಿ ಅಂಕ ಕೊಡುತ್ತೇನೆ. ಅಂಟುಪಟ್ಟಿಗೆ ಅರ್ಧ ಸಾಕು.

ಬೋರ್ಡ್ ಕೊಳ್ಳುವಾಗ ದಪ್ಪ ನೋಡಿ. ರಟ್ಟಿನ ಮೇಲೆ ತೆಳು ಕಾರ್ಕ್ ಅಂಟಿಸಿದ ಬೋರ್ಡ್‌ಗಳಲ್ಲಿ ಪಿನ್ ಸರಿಯಾಗಿ ನಿಲ್ಲುವುದಿಲ್ಲ, ಮೊನೆ ಹೋಗಿ ಗೋಡೆಗೇ ತಾಗುತ್ತದೆ. ನನ್ನದರ ಕಾರ್ಕ್ ಸುಮಾರು 10 ಮಿ.ಮೀ. ಇದೆ. ಪಿನ್ ಕಿತ್ತ ಮೇಲೆ ತೂತು ಬಹುಪಾಲು ತಾನೇ ಮುಚ್ಚಿಕೊಳ್ಳುತ್ತದೆ. ಕಾರ್ಕ್ ಓಕ್ ಮರದ ತೊಗಟೆ ಇದು. ಒಳಗೆಲ್ಲ ಗಾಳಿ ತುಂಬಿದ ಸಣ್ಣ ಕೋಶಗಳು, ಒತ್ತಿದರೆ ಕುಗ್ಗಿ ಮತ್ತೆ ಹಿಗ್ಗುತ್ತವೆ. ಬಿಸಿಲು ಬೀಳುವ ಕಡೆ ಮಾತ್ರ ಬಣ್ಣ ಮಂಕಾಗಿದೆ. ಅಲ್ಲಿದ್ದ ಫೋಟೊಗಳದ್ದೂ ಅದೇ ಗತಿ.

ಅಂಟುಪಟ್ಟಿಯ ಹಣೆಬರಹ ಗೋಡೆಯ ಬಣ್ಣದ ಮೇಲಿದೆ. ನುಣುಪಾದ ಎಮಲ್ಷನ್ ಬಣ್ಣಕ್ಕೆ ಗಟ್ಟಿಯಾಗಿ ಕೂತಿತು. ಸುಣ್ಣ ಹೊಡೆದ ಗೋಡೆಯಲ್ಲಿ ಪುಡಿಯ ಸಮೇತ ಕಳಚಿ ಬಂತು. ಮೊದಲು ಧೂಳು, ಜಿಡ್ಡು ಒರೆಸಬೇಕು. ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಆಮೇಲೆ ಫ್ರೇಮ್ ಹಾಕಬೇಕು. ಈ ಕಾಯುವ ಕೆಲಸವನ್ನೇ ಎಲ್ಲರೂ ಬಿಡುವುದು! ತೆಗೆಯುವಾಗ ತುದಿಯನ್ನು ನಿಮ್ಮ ಕಡೆಗೆ ಎಳೆಯಬೇಡಿ, ಗೋಡೆಗೆ ಒರಗಿದಂತೆ ನಿಧಾನವಾಗಿ ಕೆಳಕ್ಕೆ ಎಳೆಯಿರಿ. ಗಾಜಿನ ದೊಡ್ಡ ಫ್ರೇಮ್‌ಗೆ ಸ್ಕ್ರೂ ಬಿಟ್ಟು ಬೇರೆ ಏನನ್ನೂ ನಾನು ನಂಬುವುದಿಲ್ಲ. ಬೋರ್ಡ್‌ಗೂ ಎರಡು ಸ್ಕ್ರೂ ಹಾಕಿದ್ದೇನೆ. ಒಂದೇ ಆದರೆ ಪಿನ್ ಚುಚ್ಚಿದಾಗೆಲ್ಲ ಓರೆಯಾಗುತ್ತದೆ.

ಇನ್ನು ಅಂದದ ಮಾತು. ಫೋಟೊಗಳ ಫ್ರೇಮ್ ಬಣ್ಣವೇ ಬೋರ್ಡ್‌ನ ಚೌಕಟ್ಟಿಗೂ ಇದ್ದರೆ ಅದು ಆಫೀಸಿನ ನೋಟಿಸ್ ಬೋರ್ಡ್ ಥರ ಕಾಣುವುದಿಲ್ಲ. ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಅಂದುಕೊಂಡು, ಅದರ ನಡುಭಾಗ ನೆಲದಿಂದ ಸುಮಾರು 145 ಸೆಂ.ಮೀ. ಎತ್ತರಕ್ಕೆ ಬರುವಂತೆ ಹಾಕಿದೆ. ನಿಂತವರ ಕಣ್ಣಿಗೆ ನೇರ. ಫ್ರೇಮ್‌ಗಳ ನಡುವೆ 5 ಸೆಂ.ಮೀ. ಜಾಗ. ಬೋರ್ಡ್‌ನಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟರೇನೇ ಚೆಂದ, ಅಲ್ವಾ? ಬಿಲ್ಲು, ರಸೀದಿಗಳನ್ನು ಕಪಾಟಿನ ಬಾಗಿಲ ಒಳಗೆ ಕಳಿಸಿದ್ದೇನೆ.

ಜೊತೆಗೆ ಬಂದ ಪಿನ್‌ಗಳು ಮಾತ್ರ ಉಪಯೋಗಕ್ಕಿಲ್ಲ. ಬೇಗ ತುಕ್ಕು ಹಿಡಿದು ಕಾಗದಕ್ಕೆ ಕಲೆ ಬಿಟ್ಟವು. ಈಗ ಫೋಟೊಗಳಿಗೆ ಪಿನ್ ಚುಚ್ಚುವುದೇ ಇಲ್ಲ, ಪಿನ್‌ಗೆ ಕ್ಲಿಪ್ ಸಿಕ್ಕಿಸಿ ಅದರಲ್ಲಿ ನೇತುಹಾಕುತ್ತೇನೆ.